ಭಜನೆಯಲ್ಲಿ ಸಿನಿಮಾ ಹಾಡು

ಶ್ರಾವಣ ಶನಿವಾರದ ಭಜನೆಗೆ ಬಾ ಅಂತ ತೀರ್ಥಹಳ್ಳಿ ಕಡೆಯ ಚಿಕ್ಕಪ್ಪ ಫೋನ್ ಮಾಡಿದಾಗ ನಾನು ಶಿವಮೊಗ್ಗದಿಂದ ಹೊರಟಿದ್ದು ಭಕ್ತಿಗಿಂತ ಹೆಚ್ಚಾಗಿ ಚಿಕ್ಕಮ್ಮನ ಪತ್ರೊಡೆ ಆಸೆಗೆ. ಮಂಡಗದ್ದೆ ದಾಟಿದ ಮೇಲೆ ಮಳೆ ಹಿಡಿಯಿತು ನೋಡಿ, ಬಸ್ಸಿನ ವೈಪರ್ ಇದ್ದೂ ಇಲ್ಲದ ಹಾಗಾಯಿತು. ಮನೆ ಮುಟ್ಟಿದರೆ ಅಲ್ಲಿ ಕರೆಂಟಿಲ್ಲ. ಮಲೆನಾಡಿನಲ್ಲಿ ಅದೇನೂ ಸುದ್ದಿಯಲ್ಲ ಬಿಡಿ.

ಜಗಲಿಯಲ್ಲಿ ಸೇರಿದ್ದವರ ಬಾಯಲ್ಲೆಲ್ಲ ಅಡಿಕೆಯ ಕೊಳೆರೋಗದ್ದೇ ಮಾತು. ಮಳೆಗಾಲ ಹಿಡಿಯುವ ಮುಂಚೆ ಅದಕ್ಕೆ ಒಂದು ಸಲ ಬೋರ್ಡೋ ದ್ರಾವಣ ಹೊಡೆದಾಗಿದೆ. 40-45 ದಿನ ಬಿಟ್ಟು ಎರಡನೇದು ಹೊಡೆಯಬೇಕು, ಮಳೆ ಬಿಟ್ಟು ಒಂದು ಹೊಳವೇ ಇಲ್ಲ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಅಡಿಕೆ ಗೊನೆ ತೊಯ್ದು ತೊಪ್ಪೆಯಾಗಿರುವಾಗ ಹೊಡೆದ ಔಷಧಿ ನಿಲ್ಲಬೇಕಲ್ಲ? ಮೂಲೆಯಲ್ಲಿ ಡ್ರಮ್ಮು, ಸುತ್ತಿಟ್ಟ ಪೈಪು. ಅದರ ಪಕ್ಕದಲ್ಲೇ ಮರ ಹತ್ತಿ ಔಷಧಿ ಹೊಡೆಯಲು ಬಂದ ಕೊನೆಗಾರ ಕೆಲಸವಿಲ್ಲದೆ ಕವಳ ಹಾಕುತ್ತ ಕೂತಿದ್ದ. ಅವನ ಉಗುರ ಸಂದಿಯಲ್ಲಿ ಮೊದಲ ಸಲದ ಮೈಲುತುತ್ತದ ನೀಲಿ ಇನ್ನೂ ಇತ್ತೋ, ಲಾಟೀನು ಬೆಳಕಿಗೆ ನನಗೆ ಹಾಗೆ ಕಂಡಿತೋ.

ಚಿಕ್ಕಪ್ಪ ಹಾರ್ಮೋನಿಯಂ ಎಳೆದುಕೊಂಡರು. ಗಣಪತಿಯಿಂದ ಶುರು. ಆಮೇಲೆ ಅರ್ಧ ಗಂಟೆ ಬರೀ ಹೊಗಳಿಕೆ: ಕಮಲನಯನ, ಪೀತಾಂಬರ, ಕೌಸ್ತುಭ. ಪುಸ್ತಕ ನೋಡಿ ಹಾಡುವವರಿಗೇ ನಿದ್ದೆ ಬರುವ ಹಾಗಿತ್ತು. ಕೇಳುವ ದೇವರ ಗತಿ ಏನೋ! 'ನೀನ್ಯಾಕೋ ನಿನ್ನ ಹಂಗ್ಯಾಕೋ' ಎತ್ತಿಕೊಂಡಾಗ ಮಾತ್ರ ತಾಳಕ್ಕೆ ಜೀವ ಬಂತು. ಪುರಂದರದಾಸರು ನಮ್ಮ ಆರಗದವರು ಅನ್ನುವುದು ತೀರ್ಥಹಳ್ಳಿ ಕಡೆಯವರ ಹಳೇ ಹೆಮ್ಮೆ. ಅದಕ್ಕೋ ಏನೋ, ದೇವರ ಮುಖಕ್ಕೆ ಹೊಡೆದ ಹಾಗೆ ಹೇಳುವ ಆ ಹಾಡನ್ನು ಪುಸ್ತಕ ಮುಚ್ಚಿಟ್ಟೇ ಹಾಡಿದರು.

"ಮಾರಾಯ, ನೀನೂ ಒಂದು ಹೇಳೋ" ಅಂತ ಚಿಕ್ಕಪ್ಪ ಕೊನೆಗಾರನನ್ನು ಕರೆದರು. ಅವನು ಎದ್ದು ಹೋಗಿ ಕವಳ ಉಗಿದು, ಬಾಯಿ ತೊಳೆದು ಬಂದ. ಶುರು ಮಾಡಿದ್ದು 'ಶಿವಪ್ಪ ಕಾಯೋ ತಂದೆ'.

ಅಜ್ಜಿ ಅಲ್ಲೇ ತಡೆದರು. "ಭಜನೇಲಿ ಸಿನಿಮಾ ಹಾಡು ಎಂಥಕ್ಕೋ?"

"ನೀವು ಹೇಳ್ತೀರಲ್ಲ ಅಮ್ಮಾ, 'ಬಾಗಿಲನು ತೆರೆದು', ಅದೂ ಸಿನಿಮಾ ಧಾಟಿನೇ" ಅಂದ ಅವನು, ತಲೆ ತಗ್ಗಿಸಿಕೊಂಡೇ.

ಮಾತು ಸುಳ್ಳಲ್ಲ. ಕೀರ್ತನೆ ಕನಕದಾಸರದು. ಆದರೆ ನಮ್ಮ ಮನೆಯವರ ಬಾಯಲ್ಲಿ ಇರುವ ಧಾಟಿ 1960ರ 'ಭಕ್ತ ಕನಕದಾಸ'ದ್ದು, ರಾಜಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಇನ್ನು 'ಶಿವಪ್ಪ' ಬಂದಿದ್ದು 1954ರ 'ಬೇಡರ ಕಣ್ಣಪ್ಪ'ದಲ್ಲಿ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ರಾಜಕುಮಾರ್ ನಾಯಕನಾದ ಮೊದಲ ಚಿತ್ರ. ಭಕ್ತಿ ಸಿನಿಮಾಗಳು ಆಮೇಲೆ ಲೆಕ್ಕವಿಲ್ಲದಷ್ಟು ಬಂದವು, ಮರೆತೂ ಹೋದವು. ಈ ಎರಡು ಹಾಡು ಉಳಿದದ್ದು ರಾಗದ ಚೆಲುವಿಗೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬ ಹಸಿವು ತಾಳಲಾರೆ ಅನ್ನುತ್ತಾನೆ, ಇನ್ನೊಬ್ಬ ಕೂಗಿದ್ದು ಕೇಳಲಿಲ್ಲವೇ ಅನ್ನುತ್ತಾನೆ. ಎರಡರಲ್ಲೂ ದೇವರ ಹತ್ತಿರ ಒಂದು ಬಾಕಿ ವಸೂಲಿ ಇದೆ. ಮೋಕ್ಷ ಗೀಕ್ಷದ ಮಾತು ಆಮೇಲೆ. ಮೊದಲು ಊಟ ಕೊಡು, ಬಾಗಿಲು ತೆಗಿ.

ಕಾಲೇಜು ಓದುವ ಚಿಕ್ಕಪ್ಪನ ಮಗ ಇದೇ ಸಮಯ ಅಂತ 'ಎಲ್ಲೋ ಹುಡುಕಿದೆ ಇಲ್ಲದ ದೇವರ' ಹಾಡಿಬಿಡಲಾ ಅಂದ. ನಮ್ಮ ಶಿಕಾರಿಪುರ ಕಡೆಯ ಜಿ.ಎಸ್. ಶಿವರುದ್ರಪ್ಪನವರ ಕವಿತೆ ಅದು. ದೇವರಿಲ್ಲ ಅನ್ನೋ ಹಾಡಿಗೆ ತಾಳ ಹಾಕೋದು ಯಾರು ಅಂತ ಚಿಕ್ಕಪ್ಪ ಗದರಿದರು. ನನ್ನ ಕೇಳಿದರೆ ಹಾಡಬಹುದಿತ್ತು. ಗುಡಿಯಲ್ಲಿ ಸಿಗಲಿಲ್ಲ ಅನ್ನುವುದೂ ಒಂದು ದೂರೇ ತಾನೆ.

ಕೊನೆಗೆ ಅಜ್ಜಿಯೇ "ಆಯ್ತು, ಹೇಳು" ಅಂದರು. ಅವನ ಗಂಟಲು ದೊಡ್ಡದು. ಮರದ ತುದಿಯಿಂದ ಕೆಳಗಿನವರನ್ನು ಕೂಗಿ ರೂಢಿ. ಹಂಚಿನ ಮೇಲಿನ ಮಳೆ ಸದ್ದನ್ನೂ ಮೀರಿಸಿ ಹಾಡಿದ. ಹಾರ್ಮೋನಿಯಂಗೆ ಅವನ ಶ್ರುತಿ ಸಿಗದೆ ಚಿಕ್ಕಪ್ಪ ಕೈ ಎತ್ತಿಬಿಟ್ಟರು. ಅದು ಹೊಗಳಿಕೆಯ ದನಿಯಲ್ಲ. ಕೂಲಿ ಬಾಕಿ ಕೇಳಲು ಬಂದವನು ಅಂಗಳದಲ್ಲಿ ನಿಂತು ಯಜಮಾನರನ್ನು ಕರೆದ ಹಾಗಿತ್ತು.

ಮಂಗಳಾರತಿ ಆಗಿ ಪಂಚಕಜ್ಜಾಯ ಹಂಚುವಾಗ ಗೊತ್ತಾಯಿತು, ಅಜ್ಜಿ ಆ ಸಿನಿಮಾವನ್ನು ಚಿಕ್ಕಂದಿನಲ್ಲಿ ಟೆಂಟ್‌ನಲ್ಲಿ ನೋಡಿದವರೇ. ಕಥೆ ಪೂರ್ತಿ ನೆನಪಿದೆ. ಸಿಟ್ಟೂ ಹಾಗೇ ಇದೆ.

"ಅಲ್ಲ, ಆ ಹುಡುಗ ಒಂದು ಕಣ್ಣು ಕಿತ್ತು ಕೊಟ್ಟಾಗಲೂ ಸುಮ್ನಿದ್ದ. ಎರಡನೇ ಕಣ್ಣಿಗೆ ಕೈ ಹಾಕಿದ ಮೇಲೆ ಬಂದ. ಅಲ್ಲೀವರೆಗೆ ಎಂಥ ಮಾಡ್ತಿದ್ದ ಆ ಪುಣ್ಯಾತ್ಮ ಶಿವ?"

"ನಮ್ಗೂ ಹಂಗೇ ಅಲ್ವಾ ಅಮ್ಮಾ" ಅಂದ ಕೊನೆಗಾರ, ಪಂಚಕಜ್ಜಾಯ ಬಾಯಿಗೆ ಹಾಕಿಕೊಳ್ಳುತ್ತ. "ಅರ್ಧ ಅಡಿಕೆ ಉದುರಿದ ಮೇಲೇ ಹೊಳವು ಕೊಡೋದು."