ಖುಷಿಗೆ ಎಷ್ಟು ಮಾರ್ಕ್ಸ್?

ಸ್ವಲ್ಪ ದಿನ ನನ್ನ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಹೊತ್ತು ಗೊತ್ತಿಲ್ಲದೆ ಟಿಂಗ್ ಅನ್ನುತ್ತಿತ್ತು. ತೆರೆದರೆ ಒಂದು ಪ್ರಶ್ನೆ: ಈಗ ನಿಮಗೆ ಹೇಗನ್ನಿಸುತ್ತಿದೆ? ಕೆಳಗೊಂದು ಗೆರೆ. ಈ ತುದಿಯಲ್ಲಿ ಸೊನ್ನೆ, ಆ ತುದಿಯಲ್ಲಿ ನೂರು. ಬೆರಳಿನಲ್ಲಿ ಚುಕ್ಕೆಯನ್ನು ಎಳೆದು ಎಲ್ಲಾದರೂ ನಿಲ್ಲಿಸಬೇಕು. ಆಮೇಲೆ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ ಇಲ್ಲ ಬೇರೆಲ್ಲೋ ಇದೆಯಾ ಅಂತ ಒತ್ತಿ ಹೇಳಬೇಕು. ಅಷ್ಟೇ.

ಇಂಥದ್ದನ್ನು ಮೊದಲು ದೊಡ್ಡ ಮಟ್ಟದಲ್ಲಿ ಮಾಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್. ಐಫೋನ್ ಮೂಲಕ 2,250 ಜನರನ್ನು ಹೀಗೇ ಹೊತ್ತಲ್ಲದ ಹೊತ್ತಿನಲ್ಲಿ ಕೇಳಿ, ಸಿಕ್ಕಿದ್ದನ್ನು 2010ರಲ್ಲಿ ಪ್ರಕಟಿಸಿದರು. ಕೇಳಿದಾಗೆಲ್ಲ ಜನ ಕೊಟ್ಟ ಉತ್ತರಗಳಲ್ಲಿ 46.9 ಪ್ರತಿಶತ ಸಲ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲೇ ಇಲ್ಲ. ಮನಸ್ಸು ಬೇರೆಲ್ಲೋ ಹೋಗಿದ್ದಾಗ ಖುಷಿ ಕಡಿಮೆ. ಬೇಜಾರಿನ ಕೆಲಸವಾದರೂ ಅಷ್ಟೇ. ಇನ್ನೂ ಮಜಾ ಅಂದರೆ, ಒಳ್ಳೆಯದನ್ನೇ ಯೋಚಿಸುತ್ತಾ ಕಳೆದುಹೋಗಿದ್ದವರು ಕೂಡ ಕೈಯಲ್ಲಿನ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಹೆಚ್ಚು ಖುಷಿಯಾಗಿರಲಿಲ್ಲ. ಹಗಲುಗನಸಿನ ಬಗ್ಗೆ ನಾನು ಇಟ್ಟುಕೊಂಡಿದ್ದ ಗೌರವಕ್ಕೆ ಇದರಿಂದ ಸ್ವಲ್ಪ ಪೆಟ್ಟು ಬಿತ್ತು.

ನಾನು ಹೇಳಹೊರಟಿದ್ದು ಒಂದು ಭಾನುವಾರದ ಕಥೆ. ಆ ದಿನ ಯಾವ ಕೆಲಸವೂ ಇಟ್ಟುಕೊಂಡಿರಲಿಲ್ಲ. ಹಾಸಿಗೆಯಲ್ಲೇ ಬಿದ್ದುಕೊಂಡಿದ್ದೆ. ಎದ್ದೇಳು ಅನ್ನುವವರಿಲ್ಲ, ಅಲಾರಂ ಇಲ್ಲ. ಟಿಂಗ್ ಅಂತು. ಎಪ್ಪತ್ತರ ಹತ್ತಿರ ಚುಕ್ಕೆ ನಿಲ್ಲಿಸಿದೆ. ಆಮೇಲೆ ತಲೆಗೆ ಹುಳ ಹೊಕ್ಕಿತು. ಇಷ್ಟು ಆರಾಮಾಗಿ ಮಲಗಿದ್ದೀನಿ, ಎಂಬತ್ತು ಯಾಕಿಲ್ಲ? ಏನು ಕಡಿಮೆಯಾಗಿದೆ? ಹುಡುಕುತ್ತಾ ಹೋದರೆ ಕಡಿಮೆಯಾದದ್ದು ಸಿಗದೇ ಇರುತ್ತಾ? ಉತ್ತರ ಕೊಡದೆ ಬಿಟ್ಟ ಆಫೀಸಿನ ಮೇಲ್ ನೆನಪಾಯಿತು. ಅದರ ಹಿಂದೆ ಹಲ್ಲಿನ ಡಾಕ್ಟರ್. ಅವರ ಹಿಂದೆ, ಓದಬೇಕು ಅಂತ ತಂದು ಓದದೇ ಇಟ್ಟ ಪುಸ್ತಕಗಳು. ಹತ್ತು ನಿಮಿಷದಲ್ಲಿ ನಿಜವಾಗಿಯೂ ಅರವತ್ತಕ್ಕೆ ಇಳಿದಿದ್ದೆ.

ಜಾನ್ ಸ್ಟುವರ್ಟ್ ಮಿಲ್ ಅನ್ನುವ ಇಂಗ್ಲಿಷ್ ಚಿಂತಕನಿಗೂ ಹೀಗೇ ಆಗಿತ್ತು, ನನಗಿಂತ ತುಂಬಾ ಜೋರಾಗಿ. 1826ರಲ್ಲಿ ಅವನಿಗೆ 20 ವರ್ಷ. ಸಮಾಜದಲ್ಲಿ ತಾನು ಬಯಸುವ ಬದಲಾವಣೆಗಳೆಲ್ಲ ಈ ಗಳಿಗೆಯಲ್ಲೇ ಆಗಿಬಿಟ್ಟರೆ ತನಗೆ ಖುಷಿಯಾಗುತ್ತದಾ ಅಂತ ತನ್ನನ್ನೇ ಕೇಳಿಕೊಂಡ. ಇಲ್ಲ ಅಂತ ಉತ್ತರ ಬಂತು. ಕಾಲಡಿಯ ನೆಲವೇ ಕುಸಿದಂತಾಗಿ ತಿಂಗಳುಗಟ್ಟಲೆ ಮಂಕಾಗಿಬಿಟ್ಟ. ಎಷ್ಟೋ ವರ್ಷದ ಮೇಲೆ ಅದರ ಬಗ್ಗೆ ಬರೆಯುವಾಗ ಅವನು ಹೇಳಿದ್ದು ಇಷ್ಟು: ನಾನು ಖುಷಿಯಾಗಿದ್ದೀನಾ ಅಂತ ಕೇಳಿಕೊಂಡ ಕ್ಷಣಕ್ಕೆ ಖುಷಿ ನಿಂತುಹೋಗುತ್ತೆ. ಬೇರೆ ಯಾವುದನ್ನಾದರೂ ಹಿಡಿದು ಹೊರಟವರಿಗೆ ಅದು ದಾರಿಯಲ್ಲಿ ಸಿಗುತ್ತೆ. ಆ ಮನುಷ್ಯ ಬೇಡ ಅಂದದ್ದನ್ನೇ ಮಾಡಲು ನಾನು ಒಂದು ಆ್ಯಪ್ ಹಾಕಿಕೊಂಡಿದ್ದೆ.

ಅಷ್ಟರಲ್ಲಿ ಗೆಳೆಯನ ಫೋನ್.

"ಮಲಗಿದ್ದೀಯೇನೋ?"

"ಇಲ್ಲ, ಹೇಳು."

"ಮನೆ ಖಾಲಿ ಮಾಡ್ತಾ ಇದ್ದೀವಿ ಕಣೋ. ಗಾಡಿ ಬಂದಿದೆ, ಸಾಮಾನು ಎತ್ತೋ ಹುಡುಗರು ಬಂದಿಲ್ಲ. ಡ್ರೈವರ್ ಒಬ್ಬನೇ. ಒಂದು ಗಂಟೆ ಬರ್ತೀಯಾ? ಒಂದೇ ಗಂಟೆ."

ಮನೆ ಬದಲಾಯಿಸುವ ಕೆಲಸದಲ್ಲಿ ‘ಒಂದೇ ಗಂಟೆ’ ಅಂದರೆ ಎಷ್ಟು ಅಂತ ಒಮ್ಮೆಯಾದರೂ ಡಬ್ಬ ಹೊತ್ತವರಿಗೆ ಗೊತ್ತಿರುತ್ತೆ. ಗೊಣಗಿಕೊಂಡೇ ಹೋದೆ.

ಡಬ್ಬಗಳ ಕಥೆ ಬೇಡ, ಅದು ಎಲ್ಲ ಮನೆಯಲ್ಲೂ ಒಂದೇ. ಪುಸ್ತಕದ ಡಬ್ಬ ನೋಡೋಕೆ ಚಿಕ್ಕದು, ಎತ್ತಿದರೆ ಸೊಂಟ ಹಿಡಿಯುತ್ತೆ. ಹೇಳಬೇಕಾದ್ದು ಬೀರುವಿನ ವಿಷಯ.

ಹೊಸ ಮನೆ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಬೀರು ಹಳೇ ಕಾಲದ ಕಬ್ಬಿಣದ್ದು, ಆಳೆತ್ತರ. ಒಳಗಿನ ಅರೆಗಳನ್ನು ತೆಗೆದು, ಬಾಗಿಲು ತೆರೆದುಕೊಳ್ಳದ ಹಾಗೆ ಹಗ್ಗ ಬಿಗಿದು, ಮಲಗಿಸಿ ಹೊರಟೆವು. ಮೇಲಿನ ತುದಿ ನನ್ನ ಕೈಯಲ್ಲಿ, ಭಾರ ಬೀಳುವ ಕೆಳಗಿನ ತುದಿ ಗೆಳೆಯ ಮತ್ತು ಡ್ರೈವರ್ ಕೈಯಲ್ಲಿ. ಮೊದಲ ಮಹಡಿಯ ತಿರುವಿನವರೆಗೆ ಏನೂ ತೊಂದರೆ ಆಗಲಿಲ್ಲ. ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹೋಗಲ್ಲ, ಹಿಂದೆ ಬರಲ್ಲ. ನನ್ನ ಬೆನ್ನು ಗೋಡೆಗೆ ಅಂಟಿದೆ, ಮೊಣಕಾಲ ಮೇಲೆ ಬೀರು ಕೂತಿದೆ, ಕಣ್ಣಿಗೆ ಬೆವರು ಇಳಿಯುತ್ತಿದೆ, ಒರೆಸಿಕೊಳ್ಳಲು ಕೈಯಿಲ್ಲ. ಡ್ರೈವರ್ ಕೆಳಗಿನಿಂದಲೇ ಹೇಳುತ್ತಿದ್ದ. "ಸಾರ್, ನೆಟ್ಟಗೆ ನಿಲ್ಲಿಸ್ಬೇಡಿ. ಸೀಲಿಂಗ್ ತಾಗುತ್ತೆ. ಸ್ವಲ್ಪ ಓರೆ. ಇನ್ನೂ ಓರೆ. ಆ ಕಡೆ ಬಾಗಿಲಿದೆಯಲ್ಲ, ಅದು ತೆಗೆದ್ರೆ ಆಗುತ್ತೆ."

ಆ ಬಾಗಿಲು ಮೊದಲ ಮಹಡಿಯವರ ಮನೆಯದು. ನಮ್ಮ ಸದ್ದಿಗೆ ಅವರೇ ತೆರೆದರು. ವಯಸ್ಸಾದವರು, ಕೈಯಲ್ಲಿ ಮಡಚಿದ ಪೇಪರ್. ಬೀರು ನೋಡಿದರು, ನಮ್ಮನ್ನು ನೋಡಿದರು. ಚಪ್ಪಲಿ ಸ್ಟ್ಯಾಂಡನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿ, "ಒಳಗೆ ತನ್ನಿ" ಅಂದರು.

ಬೀರುವಿನ ತಲೆಯನ್ನು ಅವರ ಹಾಲಿನೊಳಗೆ ಅರ್ಧಕ್ಕರ್ಧ ನುಗ್ಗಿಸಿದೆವು. ನಾನು ಬೀರುವಿನ ಜೊತೆ ಹಿಂದೆ ಹಿಂದೆ ನಡೆಯುತ್ತಾ ಪರಿಚಯವೇ ಇಲ್ಲದವರ ಮನೆಯ ಸೋಫಾದವರೆಗೆ ಹೋದೆ. ಅಲ್ಲೊಬ್ಬಳು ಹುಡುಗಿ ಹೋಂವರ್ಕ್ ಬರೆಯುತ್ತಿದ್ದವಳು ಕಾಲು ಮೇಲೆತ್ತಿಕೊಂಡು ಜಾಗ ಬಿಟ್ಟಳು, ದಿನಾ ಬೀರುಗಳು ಬಂದು ಹೋಗುತ್ತವೇನೋ ಅನ್ನುವ ಹಾಗೆ. ಕೆಳಗಿದ್ದ ತುದಿ ತಿರುವು ಹತ್ತಿತು. ಆಮೇಲೆ ರಿವರ್ಸ್. ಹಿರಿಯರು ಪೇಪರ್ ಕಂಕುಳಲ್ಲಿಟ್ಟುಕೊಂಡು ಒಂದು ಮೂಲೆ ಹಿಡಿದರು. "ಬಿಡಿ ಸಾರ್, ನಾವು ಮಾಡ್ತೀವಿ" ಅಂದರೂ ಬಿಡಲಿಲ್ಲ. "ಎಡಕ್ಕೆ... ಎಡಕ್ಕೆ ರೀ... ನಿಮ್ಮ ಎಡ ಅಲ್ಲ, ನನ್ನ ಎಡ!"

ಆಗ ನನ್ನ ಜೇಬಿನಲ್ಲಿ ಟಿಂಗ್ ಅಂತು.

ನನಗೆ ನಗು ಬಂತು. ನಗು ಬಂದರೆ ಕೈಯಲ್ಲಿ ಶಕ್ತಿ ಇರಲ್ಲ. "ನಗಬೇಡ್ವೋ, ಬೀಳಿಸ್ತೀಯಾ" ಅಂತ ಬೈಯುತ್ತಾ ಗೆಳೆಯನೂ ನಕ್ಕ. ಕೊನೆಗೆ ಬೀರು ಮೇಲೆ ಹೋಯಿತು ಬಿಡಿ.

ಸ್ವಲ್ಪ ಹೊತ್ತಾದ ಮೇಲೆ ಮೆಟ್ಟಿಲ ಮೇಲೆ ಕೂತು ಆ್ಯಪ್ ತೆರೆದೆ. ಪ್ರಾಮಾಣಿಕವಾಗಿ ಉತ್ತರಿಸಬೇಕಲ್ವಾ? ಬೆನ್ನು ನೋಯುತ್ತಿತ್ತು, ಹೆಬ್ಬೆರಳ ಸಂದು ತರಚಿತ್ತು, ಅಂಗಿ ಮೈಗೆ ಅಂಟಿತ್ತು. ನಲವತ್ತೈದು ಕೊಟ್ಟೆ. ಹಾಸಿಗೆಯಲ್ಲಿ ಬಿದ್ದಿದ್ದಾಗ ಕೊಟ್ಟಿದ್ದಕ್ಕಿಂತ ಬಹಳ ಕಡಿಮೆ.

ಅಲ್ಲೇ ನನಗೆ ಲೆಕ್ಕ ತಪ್ಪುತ್ತಿದೆ ಅನ್ನಿಸಿದ್ದು. ಹಾಸಿಗೆಗೆ ಎಪ್ಪತ್ತು, ಬೀರುವಿಗೆ ನಲವತ್ತೈದು. ಆದರೆ ಆ ಇಡೀ ವಾರದಲ್ಲಿ ಯಾವ ಗಳಿಗೆಯನ್ನು ಮತ್ತೊಮ್ಮೆ ಬದುಕಲು ಇಷ್ಟ ಅಂತ ಯಾರಾದರೂ ಕೇಳಿದರೆ, ಆ ತಿರುವು ಅಂತ ಥಟ್ಟನೆ ಹೇಳುತ್ತೇನೆ.

ನೆನಪು ಮೋಸ ಮಾಡುತ್ತೆ ಅನ್ನುವವರಿದ್ದಾರೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೈಯನ್ನು 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಇಡಬೇಕು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಕೊನೆಯ ಹೊತ್ತಿನಲ್ಲಿ ಮಾತ್ರ ನೀರು ನಿಧಾನಕ್ಕೆ 15 ಡಿಗ್ರಿಗೆ ಏರುತ್ತೆ. ಯಾವುದನ್ನು ಮತ್ತೆ ಮಾಡುತ್ತೀರಿ ಅಂದರೆ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು. ಜಾಸ್ತಿ ಹೊತ್ತು ನೋವು ತಿಂದರೂ ಕೊನೆ ಸ್ವಲ್ಪ ಹಿತವಾಗಿದ್ದರೆ ನೆನಪಿಗೆ ಅದೇ ವಾಸಿ. ನನ್ನದೂ ಅದೇ ಇರಬಹುದಾ? ಸಾಯಂಕಾಲ ಎಲ್ಲ ಮುಗಿದು, ಹಾಸಿಗೆ ಸುರುಳಿಗಳ ಮೇಲೆ ಒರಗಿ ಕೂತು ಹರಟಿದ್ದೆವು. ಆ ಹಿತವೇ ಇಡೀ ದಿನಕ್ಕೆ ಬಣ್ಣ ಬಳಿದಿರಬಹುದು. ಯೋಚನೆ ಮಾಡಿದೆ. ಆದರೆ ಸಾಯಂಕಾಲದ ಹರಟೆಯಲ್ಲಿ ಏನು ಮಾತಾಡಿದೆವು ಅಂತ ನನಗೆ ಸರಿಯಾಗಿ ನೆನಪೇ ಇಲ್ಲ. "ನನ್ನ ಎಡ" ಅನ್ನುವುದು ಕಿವಿಯಲ್ಲಿದೆ.

ಹಾಗಂತ ಮೈಮರೆತರೆ ಸಾಕು, ಅದೇ ಖುಷಿ ಅಂತಲೂ ನಾನು ಒಪ್ಪುವುದಿಲ್ಲ. ಮೈಮರೆಯುವುದು ಫೋನ್ ನೋಡುವಾಗಲೂ ಆಗುತ್ತೆ. ಹೆಬ್ಬೆರಳಲ್ಲಿ ಒಂದಾದ ಮೇಲೊಂದು ವಿಡಿಯೋ ತಳ್ಳುತ್ತಾ ಕೂತರೆ ಒಂದು ಗಂಟೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಎದ್ದಾಗ ಮಾತ್ರ ಯಾರೋ ಜೇಬಿಗೆ ಕೈ ಹಾಕಿ ಹೋದ ಹಾಗಿರುತ್ತೆ. ಬೀರು ಹಾಗಲ್ಲ. ಅದರ ಆ ತುದಿಯಲ್ಲಿ ಇನ್ನೊಬ್ಬ ಇದ್ದ. ನಾನು ಕೈ ಬಿಟ್ಟರೆ ಅವನ ಕಾಲ ಮೇಲೆ ಬೀಳುತ್ತೆ. ನನ್ನ ಬಗ್ಗೆ ಯೋಚಿಸಲು ಪುರುಸೊತ್ತೇ ಇರಲಿಲ್ಲ, ಯಾಕೆಂದರೆ ಅವನ ಬಗ್ಗೆ ಯೋಚಿಸಬೇಕಿತ್ತು. ವ್ಯತ್ಯಾಸ ಅಲ್ಲೇ ಇದೆ ಅಂತ ನನಗನ್ನಿಸುತ್ತೆ.

ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದರ ಹತ್ತಿರಕ್ಕೇ ಬರುತ್ತೆ. ಬೆಳಗ್ಗೆ 46 ಜನರಿಗೆ ಲಕೋಟೆಯಲ್ಲಿ 5 ಅಥವಾ 20 ಡಾಲರ್ ಕೊಟ್ಟರು. ಕೆಲವರು ತಮಗೇ ಖರ್ಚು ಮಾಡಿಕೊಳ್ಳಬೇಕು, ಉಳಿದವರು ಬೇರೆಯವರಿಗೆ. ಸಾಯಂಕಾಲ ಹೆಚ್ಚು ಖುಷಿಯಾಗಿದ್ದವರು ಬೇರೆಯವರಿಗೆ ಖರ್ಚು ಮಾಡಿದವರು. ದುಡ್ಡು ಐದೋ ಇಪ್ಪತ್ತೋ, ಅದರಿಂದ ಫರಕು ಬೀಳಲಿಲ್ಲ. ಏನಾಗಬಹುದು ಅಂತ ಬೇರೆ ಕೆಲವರನ್ನು ಕೇಳಿದಾಗ ಅವರಲ್ಲಿ ಹೆಚ್ಚಿನವರು ಹೇಳಿದ್ದು ಇದಕ್ಕೆ ಉಲ್ಟಾ. ಆ ಬೆಳಗ್ಗೆ ನನ್ನನ್ನು ಕೇಳಿದ್ದರೂ ಹಾಸಿಗೆಯೇ ಮೇಲು ಅನ್ನುತ್ತಿದ್ದೆ.

ಇಲ್ಲಿ ಡ್ರೈವರ್ ಹೇಳಿದ ಮಾತನ್ನು ಬಿಟ್ಟರೆ ಬರಹ ಸುಳ್ಳಾಗುತ್ತೆ. ಬೀರು ಏರಿಸಿದ ಜೋಶಿನಲ್ಲಿ ನಾನು, "ಮಜಾ ಬಂತು ಅಲ್ವಾ?" ಅಂದೆ. ಅವನು ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ, "ನಿಮಗೆ ಇವತ್ತೊಂದು ದಿನ ಸಾರ್. ನನಗೆ ನಾಳೆ ಬೆಳಗ್ಗೆ ಇನ್ನೊಂದು ಮನೆ" ಅಂದ. ಕೋಪದಿಂದೇನೂ ಅಲ್ಲ, ಸುಮ್ನೆ ಇದ್ದದ್ದು ಹೇಳಿದ. ಅವನ ಬೆನ್ನೂ ಅದೇ ಬೀರುವಿನ ಕೆಳಗಿತ್ತು. ಬಾಡಿಗೆ, ಡೀಸೆಲ್, ಬರದೇ ಇದ್ದ ಹುಡುಗರು ಎಲ್ಲ ಅವನ ತಲೆಯಲ್ಲಿತ್ತು. ‘ದುಡ್ಡಿನಿಂದ ಖುಷಿ ಸಿಗಲ್ಲ’ ಅನ್ನುವ ಮಾತನ್ನು ಜೋರಾಗಿ ಹೇಳುವವರು ಸಾಮಾನ್ಯವಾಗಿ ದುಡ್ಡಿರುವವರೇ. ಅದೇ ಕಿಲ್ಲಿಂಗ್ಸ್‌ವರ್ತ್ 2021ರಲ್ಲಿ ಕೆಲಸದಲ್ಲಿರುವ 33 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳನ್ನು ಒಟ್ಟು ಹಾಕಿ ನೋಡಿದರು. ಮನೆಯ ಆದಾಯ ಏರಿದ ಹಾಗೆ ದಿನನಿತ್ಯದ ಖುಷಿಯೂ ಏರುತ್ತಲೇ ಹೋಗಿತ್ತು. ಬೀರು ಹೊರುವುದು ಖುಷಿ ಅಂತ ನಾನು ಹೇಳಬಹುದು, ಯಾಕೆಂದರೆ ಸೋಮವಾರ ಕುರ್ಚಿಯಲ್ಲಿ ಕೂತರೂ ನನಗೆ ಸಂಬಳ ಬರುತ್ತೆ. ಆ ದಿನ ಎಲ್ಲರಿಗಿಂತ ಹೆಚ್ಚು ಬುದ್ಧಿ ಓಡಿಸಿದವನು ಅವನು. ಆ ಬಾಗಿಲು ಅವನ ಕಣ್ಣಿಗೆ ಬೀಳದಿದ್ದರೆ ಬೀರು ಇನ್ನೂ ಮೆಟ್ಟಿಲ ಮೇಲೇ ಇರುತ್ತಿತ್ತು.

ಗೆಳೆಯನ ತಾಯಿ ಹಳೇ ಮನೆಯಿಂದ ಕೊನೆಗೆ ಹೊರಟರು. ಅವರ ಹೊಲಿಗೆ ಮಷೀನನ್ನು ಗಾಡಿಗೆ ಹಾಕಲು ಬಿಡಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಷೀನಿನ ತಲೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೂತರು. ಅದನ್ನು ಮೇಲೆ ಒಯ್ಯುವ ಕೆಲಸ ನನಗೆ ಬಂತು. ಹಿಂದಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಾ, "ನಿಧಾನ ಕಣಪ್ಪಾ, ಅದಕ್ಕೆ ನನ್ನಷ್ಟೇ ವಯಸ್ಸು" ಅನ್ನುತ್ತಿದ್ದರು. ಮಷೀನಿಗೆ ಏನೂ ಆಗಲಿಲ್ಲ. ನನ್ನ ಸೊಂಟ ಮಾತ್ರ ಎರಡು ದಿನ ನನ್ನ ಮಾತು ಕೇಳಲಿಲ್ಲ.

ವಾರದ ಕೊನೆಗೆ ಆ್ಯಪ್ ಒಂದು ಗ್ರಾಫ್ ತೋರಿಸಿತು. ಭಾನುವಾರ ತಗ್ಗಿನಲ್ಲಿತ್ತು. ಎಲ್ಲಕ್ಕಿಂತ ಎತ್ತರದಲ್ಲಿದ್ದದ್ದು ಬುಧವಾರ ರಾತ್ರಿ. ಏನು ಮಾಡುತ್ತಿದ್ದೆ ಅಂತ ನೋಡಿದರೆ ‘ವಿಶ್ರಾಂತಿ’ ಅಂತಷ್ಟೇ ಇದೆ. ಎಂಬತ್ತಕ್ಕೂ ಮೇಲೆ ಮಾರ್ಕ್ಸ್ ಕೊಟ್ಟ ಆ ರಾತ್ರಿ ನಾನು ಎಲ್ಲಿ ಕೂತಿದ್ದೆ, ಏನು ನೋಡುತ್ತಿದ್ದೆ, ಎಷ್ಟು ಕೆದಕಿದರೂ ಹೊಳೆಯಲಿಲ್ಲ. ಗ್ರಾಫ್ ಸುಳ್ಳು ಅನ್ನುವುದಿಲ್ಲ. ಆ ಹೊತ್ತಿಗೆ ಹಾಯಾಗಿದ್ದೆ, ಅದನ್ನು ಅದು ಬರೆದುಕೊಂಡಿದೆ. ಹಾಯಾಗಿರುವುದೂ ಬೇಕು. ಆದರೆ ಅದನ್ನೇ ಖುಷಿ ಅಂತ ಕರೆದರೆ ಬೀರುವಿನ ತಿರುವಿಗೆ ಏನನ್ನಬೇಕೋ ನನಗೆ ತಿಳಿಯಲಿಲ್ಲ. ಆ್ಯಪ್ ತೆಗೆದುಹಾಕಿದೆ.

ಅದಾಗಿ ಸ್ವಲ್ಪ ದಿನಕ್ಕೆ ಗೆಳೆಯನ ತಾಯಿ ಫೋನ್ ಮಾಡಿದರು. ಹೊಲಿಗೆ ಮಷೀನಿನ ಬೆಲ್ಟ್ ಕಳಚಿಕೊಂಡಿದೆ, ಮಗ ಊರಲ್ಲಿಲ್ಲ, ಪುರುಸೊತ್ತಿದ್ದರೆ ಬಂದು ಹೋಗಪ್ಪಾ ಅಂತ. ನನಗೆ ಬೆಲ್ಟ್ ಹಾಕುವುದು ಗೊತ್ತಿಲ್ಲ ಅಂದೆ. "ನನಗೆ ಗೊತ್ತಿದೆ, ಬಗ್ಗೋಕೆ ಮಂಡಿ ಬಿಡಲ್ಲ. ನೀನು ಕೂತ್ಕೊ, ನಾನು ಹೇಳ್ತೀನಿ" ಅಂದರು. ಆಫೀಸು ಬಿಟ್ಟ ಮೇಲೆ ಹೋದೆ. ಕೆಳಗಿನ ಚಕ್ರಕ್ಕೆ ಮೊದಲು ಸಿಕ್ಕಿಸಬೇಕು, ಮೇಲಿನದಕ್ಕೆ ಆಮೇಲೆ, ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರೆ ತಾನಾಗಿಯೇ ಕೂರುತ್ತೆ. ನಾನು ಉಲ್ಟಾ ಹಾಕುತ್ತಿದ್ದಾಗ ತಲೆಗೆ ಮೆಲ್ಲಗೆ ಒಂದು ಮೊಟಕಿ, ಮತ್ತೆ ಮೊದಲಿನಿಂದ ಹೇಳಿಕೊಟ್ಟರು.