ಎಸ್‌ಒಪಿಯ ಎರಡನೇ ಪ್ಯಾರಾ

22 ನವೆಂಬರ್ 2025, ಶನಿವಾರ

ಸಂಜೆಯಿಂದ ತಲೆಯ ನರಗಳ ಚಿತ್ರ ಮುಂದಿಟ್ಟುಕೊಂಡು ಕೂತಿದ್ದೇನೆ. ಇರುವ 12 ಜೋಡಿಯಲ್ಲಿ ಮಾತಿಗೆ, ನುಂಗುವುದಕ್ಕೆ ಮುಖ್ಯವಾಗಿ ಬೇಕಾದವು 5, 7, 9, 10 ಮತ್ತು 12. ಹತ್ತನೆಯದು ವೇಗಸ್. ಅಲ್ಲಿಗೆ ಬಂದವಳು ಮುಂದೆ ಹೋಗಲೇ ಇಲ್ಲ. ಅದರ ಒಂದು ಕವಲು ಧ್ವನಿಪೆಟ್ಟಿಗೆಗೆ ಹೋಗಬೇಕು, ಆದರೆ ನೇರ ದಾರಿ ಹಿಡಿಯುವುದಿಲ್ಲ. ಎಡಗಡೆಯ ಕವಲು ಎದೆಯವರೆಗೂ ಇಳಿಯುತ್ತದೆ, ಮಹಾಧಮನಿಯ ಕಮಾನಿನ ಕೆಳಗೆ ತೂರುತ್ತದೆ, ಆಮೇಲೆ ಮತ್ತೆ ಮೇಲೆ ಹತ್ತಿ ಗಂಟಲಿಗೆ ಬರುತ್ತದೆ. ಹಾಗಾಗಿ ಎದೆಯಲ್ಲಿ ಗಡ್ಡೆ ಇದ್ದರೂ ಮೊದಲು ಕೆಡುವುದು ದನಿಯೇ ಇರಬಹುದು. ದನಿ ಒಡೆದಿದೆ ಅಂತ ಬಂದವರಿಗೆ ಇಎನ್‌ಟಿ ಡಾಕ್ಟರ್ ನೋಡುವ ಮೊದಲು ಥೆರಪಿ ಶುರು ಮಾಡಬಾರದು ಅಂತ ಕ್ಲಿನಿಕ್‌ನ ಮೇಡಂ ಯಾಕೆ ಅಷ್ಟು ಒತ್ತಿ ಹೇಳುತ್ತಾರೆ ಅನ್ನುವುದು ಇವತ್ತು ಸರಿಯಾಗಿ ತಲೆಗೆ ಹೋಯಿತು.

ಆದರೆ ಇವತ್ತು ಮುಗಿಸಬೇಕಾಗಿದ್ದು ನರಗಳನ್ನಲ್ಲ, ಸ್ಪೀಚ್ ಥೆರಪಿಯ ಸ್ನಾತಕೋತ್ತರ ಕೋರ್ಸಿನ ಅರ್ಜಿಯ ಜೊತೆ, ಇದನ್ನು ಯಾಕೆ ಓದಬೇಕು ಅಂತ ಬರೆದು ಕೊಡುವ ಎಸ್‌ಒಪಿಯನ್ನು. ಅಂಕಪಟ್ಟಿ ಕಳಿಸಿಯಾಯಿತು. ಶಿಫಾರಸು ಪತ್ರ ಕೊಡಲು ಮೂವರೂ ಒಪ್ಪಿದ್ದಾರೆ. ಉಳಿದಿರುವುದು ಈ ಎರಡು ಪುಟ. ಅದರಲ್ಲೂ ಎರಡನೇ ಪ್ಯಾರಾ. ನನಗೆ ಉಗ್ಗು ಇದೆ ಅನ್ನುವುದನ್ನು ಅಲ್ಲಿ ಬರೆಯಬೇಕಾ ಬೇಡವಾ?

ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಅಬ್ಸರ್ವೇಶನ್ ಇತ್ತು. ಅಬ್ಸರ್ವೇಶನ್ ಅಂದರೆ ಮೂಲೆಯಲ್ಲಿ ಕೂತು ನೋಡುವುದು, ಬರೆದುಕೊಳ್ಳುವುದು, ಕೊನೆಗೆ ಲಾಗ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವುದು. ಯಾರಿಗೂ ಸಲಹೆ ಕೊಡುವ ಹಾಗಿಲ್ಲ. ಮೊದಲ ಸೆಶನ್‌ಗೆ ಒಬ್ಬ ಹುಡುಗ ಬಂದಿದ್ದ, ಒಂಬತ್ತು ವರ್ಷ ಇರಬಹುದು. ಜೊತೆಗೆ ಅವನ ತಾಯಿ. ಮೇಡಂ ಇನ್ನೂ ಫೋನಿನಲ್ಲಿದ್ದರು. ತಾಯಿ ನನ್ನನ್ನೇ ಥೆರಪಿಸ್ಟ್ ಅಂದುಕೊಂಡು ಮಾತು ತೆಗೆದರು. ನಾನು ಸ್ಟೂಡೆಂಟ್, ಮೇಡಂ ಈಗ ಬರ್ತಾರೆ ಅಂತ ಹೇಳಲು ಹೊರಟೆ. 'ಮೇಡಂ' ಹತ್ತಿರ ಬ್ಲಾಕ್ ಬಂತು. ತುಟಿ ಮುಚ್ಚಿಕೊಂಡಿತು, ದನಿ ಹೊರಡಲಿಲ್ಲ. ಇಂಥ ಹೊತ್ತಲ್ಲಿ ಎದುರಿಗಿರುವವರು ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಆ ತಾಯಿಯೂ ಕೈಯಲ್ಲಿದ್ದ ಫೈಲ್ ನೋಡತೊಡಗಿದರು. ಹುಡುಗ ಮಾತ್ರ ನನ್ನ ಬಾಯನ್ನೇ ನೋಡುತ್ತಿದ್ದ.

"ನಿನಗೂ ಇದೆಯೇನಮ್ಮ?"

"ಹೂಂ ಆಂಟಿ."

"ಚಿಕ್ಕಂದಿನಿಂದಾನೂ?"

"ನಾಲ್ಕನೇ ವಯಸ್ಸಿಂದ."

"ಥೆರಪಿ ಕೊಡಿಸಿಲ್ವಾ ಮನೇಲಿ?"

"ಕೊಡಿಸಿದ್ದಾರೆ."

ಅವರು ಮಗನ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಅಲ್ಲಮ್ಮ, ನಿನಗೇ ಹೋಗಿಲ್ವಲ್ಲ. ಇನ್ನು ಇವನಿಗೆ ಹೋಗುತ್ತಾ? ತಪ್ಪು ತಿಳ್ಕೋಬೇಡ, ಸುಮ್ನೆ ಕೇಳ್ದೆ."

ನನಗೆ ಕೋಪ ಬರಲಿಲ್ಲ. ಅವರು ನನ್ನ ಬಗ್ಗೆ ಕೇಳುತ್ತಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಮಗ ದೊಡ್ಡವನಾದ ಮೇಲೆ ಹೇಗಿರುತ್ತಾನೆ ಅನ್ನುವುದನ್ನು ನನ್ನಲ್ಲಿ ನೋಡುತ್ತಿದ್ದರು. ನೋಡಿದ್ದು ಅವರಿಗೆ ಇಷ್ಟವಾಗಲಿಲ್ಲ. ಅದೇ ನನಗೆ ಚುಚ್ಚಿದ್ದು.

ಉತ್ತರ ನನಗೆ ಗೊತ್ತಿತ್ತು. ಹೇಳುವ ಹಕ್ಕು ಇರಲಿಲ್ಲ. "ಅದನ್ನ ಮೇಡಂ ಹತ್ರ ಕೇಳಿ ಆಂಟಿ" ಅಂದೆ.

ಅವರು ನಿಜವಾಗಿಯೂ ಕೇಳಿದರು. ಮೇಡಂ ಕೊಟ್ಟ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡಿದ್ದೇನೆ. "ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಈ ವಯಸ್ಸಿಗೆ ಹಾಗೆ ಮಾತು ಕೊಡೋರನ್ನ ನೀವೂ ನಂಬಬೇಡಿ. ಅವನು ಈಗ ಕ್ಲಾಸಲ್ಲಿ ಉತ್ತರ ಗೊತ್ತಿದ್ರೂ ಕೈ ಎತ್ತಲ್ಲ ಅಂದ್ರಲ್ಲ, ಅದನ್ನ ಬದಲಾಯಿಸಬಹುದು. ಮಾತು ಈಗಿನದಕ್ಕಿಂತ ಸಲೀಸು ಮಾಡಬಹುದು. ಮೊದಲು ಕೈ ಎತ್ತಲಿ."

ತಾಯಿ ಕಣ್ಣೀರು ಹಾಕಿದರು. ಇವನು ಮೂರು ವರ್ಷದವನಿದ್ದಾಗಲೇ ಉಗ್ಗು ಶುರುವಾಗಿತ್ತಂತೆ. ಶಾಲೆಗೆ ಸೇರಿದರೆ ತಾನಾಗೇ ಸರಿಹೋಗುತ್ತೆ ಅಂತ ಎಲ್ಲರೂ ಹೇಳಿದರಂತೆ. ಕಷ್ಟ ಏನೆಂದರೆ, ಆ ಮಾತು ಎಷ್ಟೋ ಮಕ್ಕಳ ವಿಷಯದಲ್ಲಿ ನಿಜವೇ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ನೂರಕ್ಕೆ ಸುಮಾರು ಐದು ಮಕ್ಕಳಲ್ಲಿ ಯಾವಾಗಲಾದರೂ ಕಾಣಿಸಿಕೊಳ್ಳುತ್ತದೆ, ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಿಗೆ. ಹೆಚ್ಚಿನ ಮಕ್ಕಳಿಗೆ ತಾನಾಗೇ ಹೋಗುತ್ತದೆ. ಯಾವ ಮಗುವಿಗೆ ಹೋಗುತ್ತದೆ, ಯಾವ ಮಗುವಿಗೆ ಉಳಿಯುತ್ತದೆ ಅಂತ ಆ ವಯಸ್ಸಿನಲ್ಲೇ ಖಚಿತವಾಗಿ ಹೇಳುವುದು ಯಾರಿಗೂ ಆಗುವುದಿಲ್ಲ. ಗಂಡು ಮಕ್ಕಳಲ್ಲಿ ಉಳಿಯುವುದು ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಉಗ್ಗು ಹೋಗದೆ ಉಳಿದಿದ್ದರೆ ಸಾಧ್ಯತೆ ಇನ್ನೂ ಜಾಸ್ತಿ. ಇಲಿನಾಯ್ಸ್ ವಿಶ್ವವಿದ್ಯಾಲಯದಲ್ಲಿ ಏಹುದ್ ಯಾಯಿರಿ ಮತ್ತು ನಿಕೊಲಿನ್ ಆಂಬ್ರೋಸ್ ಚಿಕ್ಕ ಮಕ್ಕಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ಇದನ್ನೆಲ್ಲ ನೋಡಿದ್ದಾರೆ. ಇಷ್ಟು ಗೊತ್ತಿದ್ದರೂ ಕ್ಲಿನಿಕ್‌ಗೆ ಬಂದ ಒಂದು ಮಗುವನ್ನು ತೋರಿಸಿ ಇವನಿಗೆ ಹೀಗೇ ಆಗುತ್ತದೆ ಅನ್ನಲು ಬರುವುದಿಲ್ಲ. ನಾನು ಓದಬೇಕು ಅಂದುಕೊಂಡಿರುವುದು ಇದನ್ನೇ. ಇವತ್ತು ಆ ತಾಯಿಯ ಎದುರು ನಿಂತಾಗ ಆ ಆಸೆ ಆಸೆಯಾಗಿ ಉಳಿಯಲಿಲ್ಲ, ತುರ್ತಾಗಿಬಿಟ್ಟಿತು.

ಊಟದ ಹೊತ್ತಿಗೆ ಮೇಡಂ ಹತ್ತಿರ ಎರಡನೇ ಪ್ಯಾರಾದ ವಿಷಯ ಎತ್ತಿದೆ.

"ಬರೀಬೇಡ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ. ಬರೆದ್ರೆ ಅಯ್ಯೋ ಪಾಪ ಅಂತ ಸೀಟ್ ಕೊಟ್ಟ ಹಾಗಾಗುತ್ತೆ. ಬರೀದೆ ಇದ್ರೆ ಇಂಟರ್‌ವ್ಯೂನಲ್ಲಿ ಹೇಗೂ ಗೊತ್ತಾಗುತ್ತೆ."

"ಅರ್ಜಿ ಓದೋರಿಗೆ ಪಾಪ ಅನ್ನೋಕೆಲ್ಲ ಟೈಮ್ ಇರಲ್ಲ. ಅವರು ನೋಡೋದು, ಈ ಹುಡುಗಿ ಎರಡು ವರ್ಷ ಗಟ್ಟಿಯಾಗಿ ಓದ್ತಾಳಾ, ಪೇಶೆಂಟ್ ಮುಂದೆ ನಿಲ್ತಾಳಾ ಅಂತ. ಅಷ್ಟೂ ಕೋರ್ಸಲ್ಲಿ ಉಗ್ಗು ಅನ್ನೋದು ಒಂದು ಪೇಪರ್ ಅಷ್ಟೇ. ಮೆದುಳಿಗೆ ಪೆಟ್ಟಾಗಿ ಭಾಷೆ ತಪ್ಪೋ ಅಫೇಸಿಯಾ ಇದೆ, ಸೀಳುತುಟಿ ಇದೆ, ದನಿ ಇದೆ, ನುಂಗೋದಿದೆ. ನೀನು ಬರೆದಿದ್ದನ್ನ ಓದಿದ್ರೆ ಅದ್ಯಾವುದೂ ನಿನಗೆ ಬೇಡ ಅನ್ನೋ ಹಾಗಿದೆ."

ಅದು ನಾಟಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಹಳಬರದೇ ನೆನಪು. ಈ ವಿಷಯಕ್ಕೆ ಬುನಾದಿ ಹಾಕಿದವರಲ್ಲಿ ಎಷ್ಟೋ ಜನ ಸ್ವತಃ ಉಗ್ಗುತ್ತಿದ್ದವರು. ವೆಂಡೆಲ್ ಜಾನ್ಸನ್ ತನ್ನ ಉಗ್ಗಿಗೆ ಪರಿಹಾರ ಹುಡುಕಿಕೊಂಡು ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದವರು. ಮೆದುಳಿನ ಎಡ ಬಲಗಳ ತಿಕ್ಕಾಟದಿಂದ ಉಗ್ಗು ಬರುತ್ತದೆ ಅಂತ ಅಲ್ಲಿ ಆಗ ನಂಬಿದ್ದರು. ಎಡಗೈ ಬಳಕೆ ಹೆಚ್ಚಲಿ ಅಂತ ಅವರ ಬಲಗೈಗೆ ಪ್ಲಾಸ್ಟರ್ ಹಾಕಿಟ್ಟಿದ್ದರು. ಚಾರ್ಲ್ಸ್ ವ್ಯಾನ್ ರೈಪರ್ ಕೂಡ ಉಗ್ಗುತ್ತಿದ್ದವರೇ. ಉಗ್ಗದೆ ಇರಲು ಹೆಣಗುವುದನ್ನು ಬಿಟ್ಟು ಸಲೀಸಾಗಿ ಉಗ್ಗುವುದನ್ನು ಕಲಿಸಿದರು. ನನಗೆ ಥೆರಪಿ ಕೊಟ್ಟವರು ಹೇಳಿಕೊಟ್ಟಿದ್ದೂ ಅದನ್ನೇ. ಬ್ಲಾಕ್ ಬಂದಾಗ ಜಗ್ಗಾಡಬೇಡ, ಅಲ್ಲೇ ನಿಲ್ಲು, ಬಿಗಿ ಸಡಿಲಿಸಿ ಮೆಲ್ಲಗೆ ಹೊರಗೆ ಬಾ ಅಂತ. ಇದನ್ನೆಲ್ಲ ಎಸ್‌ಒಪಿಯಲ್ಲಿ ಹಾಕಿ ನಾನೂ ಅದೇ ಸಾಲಿನವಳು ಅನ್ನುವ ಹಾಗೆ ಬರೆಯುವ ಆಸೆ ಇತ್ತು.

ಆದರೆ ಅದೇ ಜಾನ್ಸನ್ ಮಾರ್ಗದರ್ಶನದಲ್ಲಿ 1939ರಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಒಂದು ಅನಾಥಾಶ್ರಮದ ಮಕ್ಕಳ ಮೇಲೆ ಪ್ರಯೋಗ ಮಾಡಿದಳು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ನಿನ್ನ ಮಾತು ಸರಿಯಿಲ್ಲ, ನಿನಗೆ ಉಗ್ಗು ಬರುತ್ತಿದೆ ಅಂತ ಹೇಳುತ್ತಾ ಹೋಗುವುದು, ಏನಾಗುತ್ತದೆ ನೋಡುವುದು. ಆ ಮಕ್ಕಳಲ್ಲಿ ಕೆಲವರು ಮಾತನ್ನೇ ಕಡಿಮೆ ಮಾಡಿಬಿಟ್ಟರು. ವಿಶ್ವವಿದ್ಯಾಲಯ ಬಹಿರಂಗವಾಗಿ ಕ್ಷಮೆ ಕೇಳಿದ್ದು 2001ರಲ್ಲಿ. ಅವಳೂ ಆಗ ನನ್ನ ಹಾಗೆ ಸ್ನಾತಕೋತ್ತರ ಓದಿಗೆ ಹೋದವಳು. ಇದನ್ನು ಮೊದಲ ಸಲ ಓದಿದಾಗ ನಿದ್ದೆ ಬಂದಿರಲಿಲ್ಲ. ಉಗ್ಗಿನ ನೋವು ಗೊತ್ತಿದ್ದವರೇ ಇದಕ್ಕೆ ಒಪ್ಪಿದರಲ್ಲ! ಹಾಗಿದ್ದ ಮೇಲೆ ನನಗೂ ಉಗ್ಗು ಇದೆ ಅನ್ನುವುದು ಯಾವ ಅರ್ಹತೆ? ಆ ಹುಡುಗನ ಕಷ್ಟ ನನಗೆ ಬೇಗ ತಿಳಿಯಬಹುದು. ಅವನಿಗೆ ಏನು ಮಾಡಬೇಕು ಅನ್ನುವುದು ಅಷ್ಟರಿಂದಲೇ ತಿಳಿಯುವುದಿಲ್ಲ. ಅದನ್ನು ಕಲಿಯಬೇಕು. ಕಲಿಯಲಿಕ್ಕೇ ತಾನೆ ಅರ್ಜಿ ಹಾಕುತ್ತಿರುವುದು.

ಎರಡನೇ ಪ್ಯಾರಾವನ್ನು ಒಂದೇ ವಾಕ್ಯಕ್ಕೆ ಇಳಿಸಿದ್ದೇನೆ. "ನನಗೆ ಚಿಕ್ಕಂದಿನಿಂದ ಉಗ್ಗು ಇದೆ, ಈಗಲೂ ಇದೆ." ಅಷ್ಟೇ. ಮುಚ್ಚಿಡುವುದಂತೂ ಸಾಧ್ಯವಿಲ್ಲ. ಮುಚ್ಚಿಡಬೇಡ ಅಂತ ಆ ಹುಡುಗನಿಗೆ ಹೇಳುವ ಕೆಲಸಕ್ಕೇ ಹೋಗುತ್ತಿದ್ದೇನೆ. ಮಿಕ್ಕ ಜಾಗದಲ್ಲಿ ನುಂಗುವ ಪರೀಕ್ಷೆಯ ವಿಷಯ ಬರೆದೆ. ಹೋದ ತಿಂಗಳು ನೋಡಿದ್ದು. ಸ್ಟ್ರೋಕ್ ಆದ ಒಬ್ಬ ಹಿರಿಯರು. ಎಕ್ಸ್‌ರೇ ಮುಂದೆ ಕೂರಿಸಿ, ನೀರು ಹೋಗುವ ದಾರಿ ಪರದೆ ಮೇಲೆ ಕಾಣಲಿ ಅಂತ ಬೇರಿಯಂ ಬೆರೆಸಿ ಕುಡಿಸಿದರು. ಅವರು ಆರಾಮಾಗಿ ಕುಡಿದರು. ಕೆಮ್ಮಲಿಲ್ಲ, ಮುಖ ಕಿವುಚಲಿಲ್ಲ. ಪರದೆ ಮೇಲೆ ನೋಡಿದರೆ ಕಪ್ಪಗೆ ಒಂದು ಎಳೆ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಅವರಿಗೆ ಅದರ ಅರಿವೇ ಇಲ್ಲ. ಹೊರಗೆ ಕೂತಿದ್ದ ಮನೆಯವರಿಗೂ ಇಲ್ಲ. ಥೆರಪಿಸ್ಟ್ ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ ಗದ್ದ ಎದೆಗೆ ತಾಗಿಸಿ ನುಂಗಿ ಅಂದರು. ಮತ್ತೆ ನೋಡಿದರು. ಆಮೇಲೆ ನೀರನ್ನು ಸ್ವಲ್ಪ ಗಟ್ಟಿ ಮಾಡಿ ಕೊಟ್ಟು ನೋಡಿದರು. ಈ ಕೆಲಸದಲ್ಲಿ ಒಂದು ಲೋಟ ನೀರು ಕೂಡ ಸಣ್ಣ ವಿಷಯವಲ್ಲ. ಆವತ್ತು ನನ್ನ ಉಗ್ಗು ನನಗೆ ನೆನಪೇ ಇರಲಿಲ್ಲ.

ರಾತ್ರಿ ಅಕ್ಕ ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಅಭ್ಯಾಸ ಮಾಡಿಸಿದಳು. ನನಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಮೊದಲನೆಯದೇ, ಹೆಸರು ಹೇಳಿ ಅನ್ನುವುದು. ಬೇರೆ ಮಾತು ಸಿಕ್ಕಿಕೊಂಡರೆ ಇನ್ನೊಂದು ಮಾತು ಹುಡುಕಬಹುದು, ಹೆಸರಿಗೆ ಬದಲಿ ಎಲ್ಲಿದೆ? ಇವತ್ತೂ ಅಲ್ಲೇ ಬ್ಲಾಕ್ ಬಂತು.

"ಏ, ನೆಟ್ ಹೋಯ್ತೇನೇ? ನಿಂತುಬಿಟ್ಟಿದ್ದೀಯ."

"ನೆಟ್ ಇದೆ. ಬ್ಲಾಕ್ ಅದು."

ಹುಟ್ಟಿದಾಗಿಂದ ನನ್ನ ಮಾತು ಕೇಳಿದ ಅಕ್ಕನಿಗೇ ಹೀಗನಿಸಿದರೆ ಪ್ಯಾನೆಲ್‌ನವರಿಗೆ? ಸದ್ದಿಲ್ಲದ ಬ್ಲಾಕ್ ಪರದೆ ಮೇಲೆ ನೆಟ್‌ವರ್ಕ್ ತೊಂದರೆಯ ಹಾಗೇ ಕಾಣುತ್ತದೆ. ಶುರುವಿನಲ್ಲೇ ಹೇಳಿಬಿಡೋದು ಅಂತ ತೀರ್ಮಾನಿಸಿದೆವು. ನನಗೆ ಉಗ್ಗು ಇದೆ, ಮಧ್ಯೆ ನಿಂತರೆ ಲೈನ್ ಹೋಗಿಲ್ಲ, ದಯವಿಟ್ಟು ಕಾಯಿರಿ. ಅಕ್ಕ ಅದನ್ನೇ ಮತ್ತೆ ಮತ್ತೆ ಹೇಳಿಸಿದಳು. ಇನ್ನೊಂದು ಕಡೆ ಇಂಟರ್‌ವ್ಯೂ ಅಂದರೆ ರೆಕಾರ್ಡ್ ಮಾಡಿ ಕಳಿಸುವುದು. ಪ್ರಶ್ನೆ ಬಂದ ಮೇಲೆ ಗಡಿಯಾರ ಓಡುತ್ತದೆ, ಟೈಮ್ ಮುಗಿದರೆ ತಾನೇ ಕಟ್ ಆಗುತ್ತದೆ. ಅಲ್ಲಿ ಕಾಯಿರಿ ಅನ್ನಲು ಎದುರಿಗೆ ಯಾರೂ ಇಲ್ಲ. ಹೆಚ್ಚಿನ ಸಮಯ ಬೇಕು ಅಂತ ಮೇಲ್ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೇನೆ. ಅದು ರಿಯಾಯಿತಿ ಅಂತ ನನಗೆ ಈಗ ಅನಿಸುತ್ತಿಲ್ಲ. ಅವರು ಅಳೆಯಬೇಕಾದ್ದು ನನ್ನ ಉತ್ತರವನ್ನು ಅಲ್ವಾ? ನಾಳೆ ಬೆಳಿಗ್ಗೆ ಕಳಿಸುತ್ತೇನೆ.

ಕೊನೆಗೆ ಅಕ್ಕ ತಾನಾಗೇ ಒಂದು ಪ್ರಶ್ನೆ ಹಾಕಿದಳು. "ಉಗ್ಗು ಬಿಟ್ಟು ಬೇರೆ ಯಾರ ಜೊತೆ ಕೆಲಸ ಮಾಡೋಕೆ ಇಷ್ಟ ನಿಂಗೆ?" ಹಿರಿಯರ ವಿಷಯ ಹೇಳುತ್ತೇನೆ ಅಂದುಕೊಂಡಿದ್ದೆ. ಬಾಯಿಗೆ ಬಂದಿದ್ದು, ಹೇಳಬೇಕಾದ್ದನ್ನು ಬೆರಳಿಟ್ಟು ತೋರಿಸುವ ಚಿತ್ರದ ಬೋರ್ಡ್ ಹಿಡಿದು ಕ್ಲಿನಿಕ್‌ಗೆ ಬರುವ ಒಬ್ಬ ಪುಟ್ಟ ಹುಡುಗಿ. ಅವಳಿಗೆ ಮಾತು ಬರುವುದಿಲ್ಲ. ಬೋರ್ಡ್ ಕೊಟ್ಟರೆ ಇನ್ನು ಮಾತು ಬರುವುದೇ ಇಲ್ಲ ಅಂತ ಅವಳ ಅಪ್ಪನಿಗೆ ಭಯ. ಬೋರ್ಡ್ ಬಳಸುವುದರಿಂದ ಮಾತಿಗೆ ಅಡ್ಡಿಯಾಗುವುದಿಲ್ಲ ಅಂತ ಅಧ್ಯಯನಗಳಿವೆ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಇದೆ. ಮೇಡಂ ಎಷ್ಟು ಹೇಳಿದರೂ ಅವರ ಮುಖ ಬಿಗಿಯಾಗೇ ಇತ್ತು. ಹೋದ ವಾರ ಅವಳು ಆಟ ಸಾಕಾಗಿ 'ಬೇಡ' ಅನ್ನುವ ಚಿತ್ರದ ಮೇಲೆ ಪಟಪಟ ಬೆರಳು ಬಡಿದು ಅಪ್ಪನ ಕಡೆ ನೋಡಿದಳು. ಅವರು "ಆಯ್ತಮ್ಮ, ಬೇಡ" ಅಂದರು. ಅಪ್ಪ ಮಗಳ ನಡುವೆ ಅಷ್ಟು ನೇರವಾದ ಮಾತುಕತೆಯನ್ನು ಅಲ್ಲಿ ನಾನು ನೋಡಿದ್ದು ಅದೇ ಮೊದಲು.

ಅವಳ ವಿಷಯವೂ ಎಸ್‌ಒಪಿಯಲ್ಲಿ ಬರಬೇಕು. ಆದರೆ ಪದಮಿತಿ ಆಗಲೇ ತುಂಬಿದೆ. ನುಂಗುವ ಪ್ಯಾರಾದಿಂದ ಒಂದೆರಡು ಸಾಲು ತೆಗೆಯಬೇಕು. ಬೇರಿಯಂ ವಿವರಣೆ ತೆಗೆಯಬಹುದೇನೋ, ಓದುವವರಿಗೆ ಅದು ಗೊತ್ತೇ ಇರುತ್ತದೆ. ಆದರೆ ಆ ಕಪ್ಪು ಎಳೆ ಹೋದರೆ ಇಡೀ ಪ್ಯಾರಾ ಸಪ್ಪೆ. ಮೊದಲನೇ ಪ್ಯಾರಾದಲ್ಲಿ ಕಾಲೇಜಿನ ಅಂಕಗಳ ಬಗ್ಗೆ ಬರೆದಿದ್ದೇನಲ್ಲ, ಅದು ಹೇಗೂ ಅಂಕಪಟ್ಟಿಯಲ್ಲಿದೆ, ಅದನ್ನೇ ತೆಗೆದು ಅವಳನ್ನು ಸೇರಿಸುತ್ತೇನೆ.