ಆಯಿಯ 32 ಗುಂಟೆ

ಅಪ್ಪ ತೀರಿಕೊಂಡ ಮೇಲೆ ವಂಶವೃಕ್ಷದ ಅರ್ಜಿಯಲ್ಲಿ ಅವ್ವ, ಅಣ್ಣ, ಅಕ್ಕ ಮತ್ತು ನನ್ನ ಹೆಸರನ್ನು ಬರೆದು, ಅಪ್ಪನ ತಾಯಿ ಆಯಿಯನ್ನು ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ. ಆಸ್ತಿ ಅಪ್ಪನಿಂದ ಮಕ್ಕಳಿಗೆ ಇಳಿಯುತ್ತದೆಯೇ ಹೊರತು ಮಗನಿಂದ ತಾಯಿಗೆ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಎಂಬತ್ತು ದಾಟಿದ ಆಯಿ ಪಡಸಾಲೆಯಲ್ಲಿ ನನ್ನ ಎದುರಿಗೇ ಕುಳಿತು ಶೇಂಗಾ ಸುಲಿಯುತ್ತಿದ್ದರೂ ಅವಳ ಹೆಸರು ನನಗೆ ಹೊಳೆಯಲಿಲ್ಲ. ಗ್ರಾಮ ಆಡಳಿತಾಧಿಕಾರಿಗಳು ಅರ್ಜಿಯನ್ನು ಓದಿ, "ಮಾಸ್ತರರ ತಾಯಿ ಅದಾರಲ್ರೀ?" ಎಂದು ಕೇಳಿ ಹಿಂದಿರುಗಿಸಿದರು.

ಅಪ್ಪ ಆಳಂದ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು; ನಿವೃತ್ತಿಯ ಹಣದಲ್ಲಿ 4 ಎಕರೆ ಎರೆ ಹೊಲ ಕೊಂಡಿದ್ದರು. ಭಾದ್ರಪದದಲ್ಲಿ ಅವರು ತೀರಿಕೊಂಡಾಗ ತೊಗರಿ ಸೊಂಟದೆತ್ತರಕ್ಕೆ ಬೆಳೆದಿತ್ತು. ರಾಶಿ ಮುಗಿಸಿ ಬೆಂಬಲ ಬೆಲೆಯ ಖರೀದಿಗೆ ಹೆಸರು ಬರೆಸಲು ಹೋದಾಗಲೇ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಅವಸರ ನಮಗೆ ತಿಳಿದದ್ದು. ಪಹಣಿಯೂ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಯೂ ಅಪ್ಪನ ಹೆಸರಿನಲ್ಲಿದ್ದವು, ತೀರಿಹೋದವರ ಹೆಸರಿನಲ್ಲಿ ತೊಗರಿ ಕೊಡುವಂತಿರಲಿಲ್ಲ. ಕೊನೆಗೆ ಆ ವರ್ಷದ ತೊಗರಿಯನ್ನು ಕಲಬುರಗಿಯ ಗಂಜ್‌ನಲ್ಲಿ ಅಡತ ಅಂಗಡಿಗೆ ಹಾಕಿ ಬಂದೆವು.

ಮುಂಬಯಿಯಲ್ಲಿರುವ ಬಂಧುವೊಬ್ಬರು ಫೋನಿನಲ್ಲಿ ಮೊದಲು ಪ್ರೊಬೇಟ್ ಮಾಡಿಸಿರೆಂದು ಒತ್ತಾಯಿಸುತ್ತಿದ್ದರು. ಕಲಬುರಗಿಯ ವಕೀಲರಿಗೆ ಅದನ್ನು ಹೇಳಿದಾಗ ಅವರು ನಕ್ಕರು. ಪ್ರೊಬೇಟ್ ಎಂದರೆ ಮೃತ್ಯುಪತ್ರವನ್ನು ನ್ಯಾಯಾಲಯ ಸಿಂಧುವೆಂದು ದೃಢೀಕರಿಸುವುದು. ಮಾಸ್ತರರು ಮೃತ್ಯುಪತ್ರವನ್ನೇ ಬರೆದಿಲ್ಲ, ದೃಢೀಕರಿಸುವುದು ಏನನ್ನು? ಮುಂಬಯಿ, ಮದ್ರಾಸು, ಕೋಲ್ಕತ್ತಗಳಲ್ಲಿ ಬಹುಕಾಲ ಕಡ್ಡಾಯವಾಗಿದ್ದ ಆ ಪದ್ಧತಿಯನ್ನು ಜನ ಇಡೀ ದೇಶದ ಕಾನೂನೆಂದು ತಿಳಿಯುತ್ತಾರೆ ಎಂದರು. ನಮ್ಮ ಮುಂದಿದ್ದ ದಾರಿಗಳು ಬೇರೆ: ಹೊಲಕ್ಕೆ ಕಂದಾಯ ಇಲಾಖೆ, ಬ್ಯಾಂಕಿನ ಹಣಕ್ಕೆ ಬ್ಯಾಂಕು. ಬ್ಯಾಂಕು ಒಪ್ಪದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು, ಆದರೆ ಆ ಪತ್ರ ಹಣ ಮತ್ತು ಷೇರುಗಳಿಗೆ ಮಾತ್ರ. ಒಂದು ಗುಂಟೆ ನೆಲವೂ ಅದರಿಂದ ಬರುವುದಿಲ್ಲ.

ಠೇವಣಿಗೆ ಅಣ್ಣ ನಾಮಿನಿಯಾಗಿದ್ದ. ಆ ಹಣ ತನ್ನದೇ ಎಂದು ಅವನು ಭಾವಿಸಿದ್ದು ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ನಾನೂ ಹಾಗೆಯೇ ಭಾವಿಸಿದ್ದೆ. ನಾಮಿನಿ ಹಣವನ್ನು ಪಡೆಯಬಹುದು, ಆದರೆ ವಾರಸುದಾರರ ಪರವಾಗಿ ಇಟ್ಟುಕೊಂಡಿರುವವನಷ್ಟೇ ಎಂದು ವಕೀಲರು ವಿವರಿಸಿದಾಗ ಅಣ್ಣ ಸುಮ್ಮನಾದ. ಅವನನ್ನು ನಿಜವಾಗಿ ಕಾಡಿದ್ದು ಅವರ ಮುಂದಿನ ಮಾತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮೃತ್ಯುಪತ್ರವಿಲ್ಲದೆ ತೀರಿಕೊಂಡ ಗಂಡಸಿನ ಮೊದಲ ದರ್ಜೆಯ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳ ಜೊತೆಗೆ ತಾಯಿಯೂ ಸೇರುತ್ತಾಳೆ. ತಂದೆ ಆ ಸಾಲಿನಲ್ಲಿಲ್ಲ, ತಾಯಿ ಇದ್ದಾಳೆ. ಹೊಲ ಅಪ್ಪನ ಸ್ವಯಾರ್ಜಿತವಾದ್ದರಿಂದ ಅಕ್ಕನ ಸಮಪಾಲಿಗೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿಯ ಹಂಗೂ ಇರಲಿಲ್ಲ; ಅದು 1956ರಿಂದಲೇ ಇತ್ತು. ನಾಲ್ಕು ಎಕರೆಯೆಂದರೆ 160 ಗುಂಟೆ, ಐದು ಪಾಲು, ಪಾಲಿಗೆ 32 ಗುಂಟೆ. ಆಯಿ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವಳ 32 ಗುಂಟೆ ನಮಗಷ್ಟೇ ಮರಳುವುದಿಲ್ಲ, ಕಾಕಾ ಮತ್ತು ಅತ್ತೆಗೂ ಒಂದೊಂದು ಪಾಲು ಹೋಗುತ್ತದೆ. ಕಾಕಾನಿಗೂ ಅಣ್ಣನಿಗೂ ಬದುವಿನ ವಿಷಯದಲ್ಲಿ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಹೀಗಾಗಿ, ಆಯಿಯೂ ಅಕ್ಕನೂ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ ಎಂದು ಅಣ್ಣ ತೀರ್ಮಾನಿಸಿದ, ನಾನು ವಿರೋಧಿಸಲಿಲ್ಲ. ನಮ್ಮ ಕಡೆ ತವರಿನ ಬಾಗಿಲು ತೆರೆದಿರಲೆಂದು ಹೆಣ್ಣುಮಕ್ಕಳು ಸಹಿ ಹಾಕುವುದು, ಪಂಚಮಿಗೆ ಅಣ್ಣತಮ್ಮಂದಿರು ಸೀರೆ ಕೊಡುವುದು ವಾಡಿಕೆ. ಆ ಲೆಕ್ಕದಲ್ಲಿ ಸೀರೆ ಎಷ್ಟು ದುಬಾರಿಯೆಂದು ಯಾರೂ ಕೇಳುವುದಿಲ್ಲ. ಆಯಿಯ ಹೆಬ್ಬೆಟ್ಟನ್ನಂತೂ ನಾವು ಕೇಳಬೇಕಾದ ವಿಷಯವೆಂದೇ ಎಣಿಸಿರಲಿಲ್ಲ.

ಚೈತ್ರದ ಒಂದು ಬೆಳಿಗ್ಗೆ ಗ್ರಾಮ ಆಡಳಿತಾಧಿಕಾರಿಗಳು ಹೇಳಿಕೆ ಪಡೆಯಲು ಮನೆಗೇ ಬಂದರು. ಅವ್ವ ಹೇಳಿದಳು, ನಾವು ಹೇಳಿದೆವು. ಕ್ರಯಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದ ಅಪ್ಪನ ಹೆಸರು ಒಬ್ಬರದೇ ಎನ್ನುವ ಅಫಿಡವಿಟ್ಟನ್ನೂ ಕೊಟ್ಟೆವು. ಆಯಿಯ ಸರದಿ ಬಂದಾಗ ಅವಳು ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಮಗ ಸತ್ತಿದ್ದಾನೆಂದು ಅವಳ ಬಾಯಿಂದಲೇ ಬರಬೇಕಾಗಿದ್ದ ಆ ಹೇಳಿಕೆಯನ್ನು ಅಧಿಕಾರಿಗಳು ತಾವೇ ಬರೆದು ಓದಿ ಹೇಳಿದರು, ಅವಳು ತಲೆಯಾಡಿಸಿದಳು. ಆಗ ಅಣ್ಣ, "ಆಯಿ ತನ್ನ ಪಾಲು ಬಿಟ್ಟು ಕೊಡ್ತಾಳ್ರಿ, ಸೋಮವಾರ ಆಳಂದಕ್ಕ ಕರಕೊಂಡು ಹೋಗಿ ಪತ್ರ ಮಾಡಸ್ತೀವಿ" ಎಂದ.

"ಯಾಕ ಬಿಡ್ಲಿ?" ಎಂದಳು ಆಯಿ.

ಅಣ್ಣ ನಗಲು ಪ್ರಯತ್ನಿಸಿದ. "ನಿನಗ್ಯಾಕ ಬೇಕಾಯಿ ಈ ವಯಸ್ಸಿನ್ಯಾಗ?"

"ನಿಮ್ಮ ಮುತ್ಯಾ ಇದ್ದಾಗ ಮುತ್ಯಾಂದಿತ್ತು, ನನ್ನ ಮಗ ಕೊಂಡಿದ್ದು ಮಗಂದಿತ್ತು. ನನ್ನ ಹೆಸರಿಲೆ ಇಷ್ಟ ವರ್ಷ ಒಂದು ಗುಂಟೆ ಇರ್ಲಿಲ್ಲ. ಈಗ ಅವ ಹೋಗಿ ಬಂದದ. ಇದನ್ನೂ ಬಿಡು ಅಂತಿ?"

ಅಧಿಕಾರಿಗಳು ಪೆನ್ನಿನ ಮುಚ್ಚಳ ಹಾಕಿ, "ಐದೂ ಹೆಸರು ಜಂಟಿಯಾಗಿ ಬರೀತೀನ್ರಿ" ಎಂದಷ್ಟೇ ಹೇಳಿದರು. ಅಕ್ಕನ ಹಕ್ಕು ಬಿಡುಗಡೆಯ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ, ಆಮೇಲೂ ಎತ್ತಿಲ್ಲ. ಅಕ್ಕ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ಮೊದಲ ಕಪ್ಪನ್ನು ಆಯಿಗೆ ಕೊಟ್ಟಳು.

ನೋಟಿಸಿನ ಅವಧಿಯಲ್ಲಿ ಆಕ್ಷೇಪಣೆ ಬರಲಿಲ್ಲ. ಕಂದಾಯ ನಿರೀಕ್ಷಕರು ಖಾತೆ ಬದಲಾವಣೆಯನ್ನು (ಮ್ಯುಟೇಷನ್) ಮಂಜೂರು ಮಾಡಿದರು. ಉಳಿತಾಯ ಖಾತೆಗೆ ನಾಮಿನಿ ಇಲ್ಲದ್ದರಿಂದ ಬ್ಯಾಂಕು ಐದೂ ವಾರಸುದಾರರ ಸಹಿ ಕೇಳಿದೆ, ಆ ಕಡತ ಇನ್ನೂ ಓಡಾಡುತ್ತಿದೆ. ಹೊಸ ಪಹಣಿ ತಂದ ದಿನ ಆಯಿಗೆ ಮಾಲೀಕರ ಹೆಸರಿರುವ 9ನೆಯ ಕಾಲಂ ತೋರಿಸಿದೆ. ಓದಲು ಬಾರದ ಅವಳು ತನ್ನದು ಎಷ್ಟನೆಯ ಸಾಲೆಂದು ಕೇಳಿದಳು, ಎರಡನೆಯದೆಂದೆ. ಅದರ ಮೇಲೆ ಬೆರಳಿಟ್ಟುಕೊಂಡೇ ಅಣ್ಣನ ಕಡೆ ತಿರುಗಿ, "ಮಿರ್ಗದ ಮಳಿ ಬಂತು. ನನ್ನ ಪಾಲಿಗಿ ತೊಗರಿ ಬೀಜ ಯಾರು ತರ್ತೀರಿ?" ಎಂದಳು.

ಅಣ್ಣ ಉತ್ತರ ಕೊಡಲಿಲ್ಲ. ಮರುದಿನ ಆಳಂದದಿಂದ ಬಂದ ಬೀಜದ ಚೀಲಗಳನ್ನು ಎಣಿಸಿದೆ. ನಾಲ್ಕು ಎಕರೆಗೂ ಆಗುವಷ್ಟಿದ್ದವು.